ಗೃಹಕೃತ್ಯ: ಮುಸುರೆಯ ಯಂತ್ರಕ್ಕೆ ನೀರೇಕೆ ಏರದು?

ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಹೆಚ್ಚಿನವುಗಳಿಗೆ ನಾವು ಕುಳಿತಲ್ಲಿಯೇ ಉತ್ತರ ಬರೆಯಬಲ್ಲೆವು. ಬಳ್ಳಾರಿಯ ಸೋದರಿಯೊಬ್ಬರು ಬರೆದ ಕಾಗದಕ್ಕೆ ಮಾತ್ರ ಹಾಗೆ ಬರೆಯಲಾಗಲಿಲ್ಲ. ಆಕೆ ಪಾಠಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಮನೆಯಲ್ಲಿ ಪತಿ, ಇಬ್ಬರು ಮಕ್ಕಳು, ಎಪ್ಪತ್ತನ್ನು ಸಮೀಪಿಸಿದ ಅತ್ತೆ. ಮುಸುರೆ ತಿಕ್ಕಲು ಬರುತ್ತಿದ್ದ ಹೆಂಗಸು ಜೀನ್ಸ್ ಬಟ್ಟೆ ಹೊಲಿಯುವ ಕಾರ್ಖಾನೆಯನ್ನು ಸೇರಿದಳಂತೆ. ಬಳ್ಳಾರಿಯಲ್ಲಿ ಆ ಉದ್ಯಮವು ಮನೆಮನೆಯ ಮಾತಾಗಿರುವಾಗ, ನಾಲ್ಕು ಕಾಸು ಹೆಚ್ಚು ಸಿಕ್ಕುವಲ್ಲಿಗೆ ಆಕೆ ಹೋದುದರಲ್ಲಿ ತಪ್ಪೇನನ್ನೂ ನಾವು ಕಾಣೆವು. ಆದರೆ ಆಕೆ ಬಿಟ್ಟುಹೋದ ಕೆಲಸವು ಯಾರ ಪಾಲಿಗೆ ಬಂದಿತೆಂದರೆ, ಆ ವೃದ್ಧ ಅತ್ತೆಯವರ ಪಾಲಿಗೆ. ಸೊಸೆ ಶಾಲೆಯಿಂದ ಬರುವುದರೊಳಗೆ ಅವರು ಹಿತ್ತಲ ಕಲ್ಲಿನ ಬಳಿ ಕುಳಿತು ಎಲ್ಲವನ್ನೂ ತಿಕ್ಕಿ ತೊಳೆದು ಬೋರಲು ಹಾಕಿರುತ್ತಿದ್ದರು. ಬೆರಳ ಗೆಣ್ಣುಗಳು ಊದಿಕೊಂಡವು. ಜೋಳದ ಹಿಟ್ಟು ನಾದುವುದೂ ಕಷ್ಟವಾಯಿತು.

ಇದನ್ನು ನೋಡಲಾರದೆ ಸೊಸೆಯು ತನ್ನ ಸಂಬಳದಲ್ಲಿ ಉಳಿಸಿದ ಹಣದಿಂದ ಪಾತ್ರೆ ತೊಳೆಯುವ ಯಂತ್ರವೊಂದನ್ನು ಕೊಂಡುತಂದಳು. ಮನೆಯಲ್ಲಿ ಯಾರೂ ಮನಃಪೂರ್ವಕವಾಗಿ ಒಪ್ಪಿರಲಿಲ್ಲ. ನಲ್ಲಿಯ ನೀರಿಗೆ ದಿನಗಟ್ಟಲೆ ಕಾಯುವ ಊರಿನಲ್ಲಿ ನೀರು ಕುಡಿಯುವ ಯಂತ್ರವೇಕೆ ಎಂದು ಪತಿಯವರ ಆಕ್ಷೇಪಣೆ. ಎರಡು ತಿಂಗಳು ಯಂತ್ರವು ನಡೆಯಿತು. ಆಮೇಲೆ ನೀರು ತುಂಬಿಕೊಳ್ಳದೆ, ಮುಂಭಾಗದಲ್ಲಿ ನಲ್ಲಿಯ ಆಕಾರದ ದೀಪವನ್ನು ಮಿನುಗಿಸಿ ನಿಂತುಬಿಡಲಾರಂಭಿಸಿತು. ಮೊದಲು ಬಂದ ಮಿಸ್ತ್ರಿಯು ಜಾಲರಿಯನ್ನು ತೊಳೆದುಹೋದನು. ಮೂರು ವಾರ ನಡೆಯಿತು. ಎರಡನೆಯವನು ನೀರಿನ ವಾಲ್ವನ್ನು ಬದಲಿಸಿದನು. ನಾಲ್ಕು ದಿನ ನಡೆಯಿತು. ಮೂರನೆಯವನು, ಒಳಗಿನ ವಿದ್ಯುತ್ ಬೋರ್ಡು ಕೆಟ್ಟಿದೆ, ಹೊಸದಕ್ಕೆ ಯಂತ್ರದ ಬೆಲೆಯಲ್ಲಿ ಮೂರರಲ್ಲೊಂದು ಪಾಲು ಆಗುವುದೆಂದನು. ಮಾರಿಬಿಡೋಣವೆಂದು ಪತಿಯವರು ಹೇಳುತ್ತಿದ್ದಾರೆ. ಅತ್ತೆಯವರು ಮರಳಿ ಕಲ್ಲಿನ ಬಳಿ ಕುಳಿತಿದ್ದಾರೆ. ಕಾಗದದ ಕೊನೆಯಲ್ಲಿ ಆಕೆ ಬರೆದಿದ್ದಳು: “ಯಂತ್ರ ಕೆಟ್ಟಿದೆಯೋ ಇಲ್ಲವೋ ನಾನರಿಯೆ. ಮನೆಯಲ್ಲಿ ನನ್ನ ಮಾತು ಮಾತ್ರ ಕೆಟ್ಟಿತು.”

ಹಬ್ಬದ ರಜೆಯಲ್ಲಿ ಬಳ್ಳಾರಿಗೆ ಹೋಗುವ ಪ್ರಸಂಗ ನಮಗೆ ಹೇಗೂ ಇದ್ದಿತು. ಅನುಮತಿ ಪಡೆದು ಆ ಮನೆಗೆ ಹೋದೆವು. ಅಲ್ಲಿ ಕಂಡುದನ್ನೂ ಅಳೆದುದನ್ನೂ ಇಲ್ಲಿ ಬರೆಯುವೆವು. ಇಂತಹ ಯಂತ್ರಗಳು ಈಗ ಸಣ್ಣ ಪಟ್ಟಣಗಳಿಗೂ ಬರುತ್ತಿವೆ; ಅವು ನಮ್ಮ ಮನೆಗಳ ನೀರಿನ ವ್ಯವಸ್ಥೆಯನ್ನು ನೋಡಿ ಕಟ್ಟಿದವುಗಳಲ್ಲವಾದುದರಿಂದ ಈ ತೊಂದರೆಯು ಒಂದೇ ಮನೆಯದಾಗಿರಲಾರದು.

ಯಂತ್ರದ ಒಳಗೆ ನಡೆಯುವುದೇನೆಂದು ಮೊದಲು ತಿಳಿಯತಕ್ಕದ್ದು. ಬಾಗಿಲನ್ನು ಮುಚ್ಚಿ ಗುಂಡಿಯನ್ನೊತ್ತಿದೊಡನೆ ಅದು ನೀರನ್ನು ಎಳೆದುಕೊಳ್ಳುವುದಿಲ್ಲ. ಹಿಂದಿನ ಸಲದ ಉಳಿಕೆ ನೀರೇನಾದರೂ ಇದ್ದರೆ ಅದನ್ನು ಮೊದಲು ಹೊರಕ್ಕೆ ನೂಕುತ್ತದೆ. ಆ ಗುರುಗುರು ಸದ್ದನ್ನು ಕೇಳಿ ನೀರು ತುಂಬುತ್ತಿದೆಯೆಂದು ಭಾವಿಸುವವರುಂಟು. ಅದಾದ ಮೇಲೆ ವಾಲ್ವು ತೆರೆದುಕೊಂಡು, ಕೊಳವೆಯಿಂದ ನೀರು ಒಳಕ್ಕೆ ಬಂದು, ತಳದ ಗುಳಿಯಲ್ಲಿ ಮೂರು ನಾಲ್ಕು ಲೀಟರುಗಳಷ್ಟು ನಿಲ್ಲುತ್ತದೆ. ಇಷ್ಟೇ ನೀರನ್ನು ಒಳಗಿನ ಪಂಪು ಎತ್ತಿ ಎತ್ತಿ, ತಿರುಗುವ ತೋಳುಗಳ ರಂಧ್ರಗಳಿಂದ ಪಾತ್ರೆಗಳ ಮೇಲೆ ಚಿಮ್ಮಿಸುತ್ತದೆ. ಹೀಗೆ ಹಲವು ಸಲ ತುಂಬಿ ಚೆಲ್ಲಿದರೂ ಒಟ್ಟು ಖರ್ಚು ಈಗಿನ ಯಂತ್ರಗಳಲ್ಲಿ ೧೦ರಿಂದ ೧೨ ಲೀಟರುಗಳ ಸುಮಾರಿನದು.

ಎಷ್ಟು ನೀರು ಬಂದಿತೆಂದು ನೋಡಲು ಯಂತ್ರಕ್ಕೆ ಕಣ್ಣಿಲ್ಲ, ಎಣಿಕೆಯುಂಟು. ಅನೇಕ ಯಂತ್ರಗಳಲ್ಲಿ ನೀರು ಬರುವ ದಾರಿಯಲ್ಲಿ ಅಯಸ್ಕಾಂತದ ಚೂರುಳ್ಳ ಪುಟ್ಟ ಗಾಲಿಯೊಂದು ಇರುತ್ತದೆ. ನೀರು ಹರಿದಂತೆ ಅದು ತಿರುಗುತ್ತದೆ. ಸುತ್ತುಗಳನ್ನು ಬೋರ್ಡು ಎಣಿಸುತ್ತದೆ. ನಿಯಮಿತ ಕಾಲದೊಳಗೆ ಬೇಕಾದಷ್ಟು ಸುತ್ತುಗಳು ಆಗದಿದ್ದರೆ ನೀರಿಲ್ಲವೆಂದು ತೀರ್ಮಾನಿಸಿ ಕೆಲಸವನ್ನು ನಿಲ್ಲಿಸಿ ನಲ್ಲಿಯ ದೀಪವನ್ನು ಹಚ್ಚುತ್ತದೆ. ಆದಕಾರಣ ಆ ದೀಪವು “ನಾನು ಕೆಟ್ಟಿದ್ದೇನೆ” ಎಂದು ಹೇಳುವುದಿಲ್ಲ. “ನನಗೆ ಹೊತ್ತಿಗೆ ಸರಿಯಾಗಿ ನೀರು ಮುಟ್ಟಲಿಲ್ಲ” ಎಂದಷ್ಟೇ ಹೇಳುತ್ತದೆ. ಮೂವರು ಮಿಸ್ತ್ರಿಗಳೂ ಈ ಎರಡು ಮಾತುಗಳ ಅಂತರವನ್ನು ಗಣನೆಗೆ ತೆಗೆದುಕೊಳ್ಳಲಿಲ್ಲವೆಂಬುದೇ ನಮ್ಮ ದೂರು.

(ಈ ಯಂತ್ರವು ಗಂಡಸರ ಬುದ್ಧಿಯಿಂದ ಹುಟ್ಟಿದುದೆಂದು ಆ ಮನೆಯ ಯಜಮಾನರು ಮಾತಿನ ಮಧ್ಯೆ ಹೇಳಿದರು. ಹಾಗಲ್ಲ. ಅಮೆರಿಕದ ಇಲಿನಾಯ್ ಪ್ರಾಂತದ ಶೆಲ್ಬಿವಿಲ್ ಎಂಬ ಊರಿನ ಜೋಸೆಫೀನ್ ಕಾಕ್ರೇನ್ ಎಂಬಾಕೆ ೧೮೮೬ನೆಯ ಇಸವಿ ಡಿಸೆಂಬರ್ ೨೮ರಂದು ತನ್ನ ಯಂತ್ರಕ್ಕೆ ಪೇಟೆಂಟು ಪಡೆದಳು. ತನ್ನ ಬೆಲೆಬಾಳುವ ಪಿಂಗಾಣಿಯನ್ನು ಆಳುಗಳು ಚಕ್ಕೆಯೇಳಿಸುವರೆಂಬ ಬೇಸರ ಆಕೆಗೆ. ಆಕೆಯ ಹೆಚ್ಚಳವೇನೆಂದರೆ, ಕುಂಚದಿಂದ ಉಜ್ಜುವ ಯೋಚನೆಯನ್ನು ಬಿಟ್ಟು, ಬಂತಿಬಂತಿಯಾಗಿ ಜೋಡಿಸಿದ ಪಾತ್ರೆಗಳ ಮೇಲೆ ರಭಸದ ನೀರನ್ನೇ ಹಾಯಿಸಿದುದು. ೧೮೯೩ರ ಷಿಕಾಗೋ ಮಹಾಪ್ರದರ್ಶನದಲ್ಲಿ ಆ ಯಂತ್ರವನ್ನು ಇಡಲಾಗಿದ್ದಿತು. ಇದನ್ನು ಹೇಳಿದ ಮೇಲೆ ಯಜಮಾನರು ನಮಗೆ ಇನ್ನೊಂದು ಲೋಟ ಕಾಫಿಯನ್ನು ತರಿಸಿದರು.)

ಇನ್ನು ಪರೀಕ್ಷೆಗೆ ಬರೋಣ. ಯಾವ ಭಾಗವನ್ನು ಮುಟ್ಟುವ ಮುಂಚೆಯೂ ವಿದ್ಯುತ್ತಿನ ಪ್ಲಗ್ಗನ್ನು ಕಿತ್ತು ನಲ್ಲಿಯನ್ನು ಮುಚ್ಚತಕ್ಕದ್ದು. ನೀರೂ ವಿದ್ಯುತ್ತೂ ಒಂದೇ ಪೆಟ್ಟಿಗೆಯಲ್ಲಿರುವ ವಸ್ತುವಿನೊಡನೆ ಸಲಿಗೆ ಸಲ್ಲದು.

ಪಾತ್ರೆ ತೊಳೆಯುವ ಬಚ್ಚಲ ತೊಟ್ಟಿಯ ಕೆಳಗೆ, ಯಂತ್ರಕ್ಕೆಂದೇ ಹಾಕಿದ ಮೂಲೆಯ ನಲ್ಲಿಯು ಪೂರ್ತಿಯಾಗಿ ತೆರೆದಿತ್ತು. ಯಂತ್ರವನ್ನು ಗೋಡೆಗೆ ಒತ್ತಿ ನೂಕಿದ್ದರಿಂದ ಹಿಂದಿನ ಕೊಳವೆಯು ಒಂದೆಡೆ ಮಡಿಚಿದಂತೆ ಕಂಡಿತು. ಅಂಗೈಯಗಲ ಮುಂದಕ್ಕೆ ಎಳೆದು ನೆಟ್ಟಗೆ ಮಾಡಿದೆವು. ಗುಣವೇನೂ ಕಾಣಲಿಲ್ಲ. ಕೊಳಕು ನೀರು ಹೋಗುವ ಕೊಳವೆಯ ಬಾಯಿ ತೀರ ತಗ್ಗಿನಲ್ಲಿದ್ದರೆ, ತುಂಬಿದ ನೀರೆಲ್ಲ ತನ್ನಷ್ಟಕ್ಕೆ ತಾನೇ ಹೊರಕ್ಕೆ ಜಾರಿಹೋಗುವುದುಂಟು. ಯಂತ್ರವು ಎಷ್ಟು ತುಂಬಿದರೂ ತುಂಬಿದಂತಾಗದು. ಇಲ್ಲಿ ಆ ಕೊಳವೆಯನ್ನು ಎರಡಡಿಗೂ ಮೇಲಕ್ಕೆ ಏರಿಸಿ ಕಟ್ಟಿದ್ದರು. ಆ ಶಂಕೆಯೂ ಹೋಯಿತು.

ಬಳಿಕ ಜಾಲರಿ. ನಲ್ಲಿಯ ಕಡೆಯಿಂದ ಬರುವ ಕೊಳವೆಯು ಯಂತ್ರಕ್ಕೆ ಸೇರುವೆಡೆಯಲ್ಲಿ ಉಗುರಿನಗಲದ ಜಾಲರಿಯೊಂದಿರುತ್ತದೆ. ಕೆಲವು ಕೊಳವೆಗಳಲ್ಲಿ ನಲ್ಲಿಯ ತುದಿಗೂ ಒಂದಿರುತ್ತದೆ. ಬಿಚ್ಚಿ ನೋಡಿದಾಗ ವಾಲ್ವಿನ ಕಡೆಯ ಜಾಲರಿಯೇ ಕಾಣೆಯಾಗಿತ್ತು! ಎರಡನೆಯ ಮಿಸ್ತ್ರಿಯು “ಇದಿದ್ದರೆ ಮತ್ತೆ ಕಟ್ಟುತ್ತದೆ” ಎಂದು ಕಿತ್ತೆಸೆದನಂತೆ. ಇದು ಸರ್ವಥಾ ಕೂಡದು. ಜಾಲರಿಯು ತಡೆಯುತ್ತಿದ್ದ ಮರಳಿನ ಕಣವೊಂದು ವಾಲ್ವಿನ ರಬ್ಬರಿನ ಬಾಯಿಗೆ ಸಿಕ್ಕಿಕೊಂಡರೆ ಅದು ಮುಚ್ಚಲಾರದೆ, ಯಂತ್ರವು ನಿಂತಿದ್ದರೂ ನೀರು ಸೋರುತ್ತಲೇ ಇರುವುದು. ಹೊಸ ಜಾಲರಿಯನ್ನು ತರಿಸಿ ಹಾಕಿಸಿದೆವು. ಸಂಪಿನ ತಳದಿಂದ ಒಂದು ಲೋಟ ನೀರನ್ನು ತೆಗೆಸಿ ನಿಲ್ಲಿಸಿದಾಗ ಅಡಿಯಲ್ಲಿ ಅರ್ಧ ಬೆರಳಿನಷ್ಟು ಕೆಂಪು ಮಡ್ಡಿ ಕುಳಿತಿತು.

ಆ ಮಡ್ಡಿಗೂ ಊರಿಗೂ ಸಂಬಂಧವುಂಟು. ಬಳ್ಳಾರಿಯು ಕುಡಿಯುವುದು ತುಂಗಭದ್ರೆಯ ನೀರನ್ನು. ೧೯೫೩ರಲ್ಲಿ ಪೂರ್ತಿಯಾದ ಹೊಸಪೇಟೆಯ ಬಳಿಯ ಅಣೆಕಟ್ಟಿನಿಂದ ಕಾಲುವೆಗಳಿಗೆ ನೀರು ಬಿಟ್ಟಾಗ ಅಲ್ಲೀಪುರ, ಮೋಕಾ ಮೊದಲಾದೆಡೆಗಳಲ್ಲಿ ಅದನ್ನು ತುಂಬಿಸಿಟ್ಟುಕೊಂಡು, ಕಾಲುವೆ ನಿಂತ ತಿಂಗಳುಗಳಲ್ಲಿ ಊರು ಅದರಿಂದಲೇ ಬದುಕುತ್ತದೆ. ನಲ್ಲಿಗೆ ನೀರು ಬಂದ ದಿನ ಜನರು ಅದನ್ನು ಮನೆಯ ಸಂಪಿಗೆ ಹಿಡಿದಿಟ್ಟು, ಮೋಟಾರಿನಿಂದ ಮಹಡಿಯ ಮೇಲಣ ಟ್ಯಾಂಕಿಗೆ ಏರಿಸುತ್ತಾರೆ. ಮಳೆಗಾಲದ ಹೊಸ ನೀರಿನ ಕೆಸರೂ ಊರಿನ ಕೆಂಧೂಳೂ ಸಂಪಿನಲ್ಲಿ ಸೇರಿ, ವರ್ಷಕ್ಕೆ ಎರಡು ಸಲವಾದರೂ ತೊಳೆಯದಿದ್ದರೆ, ಜಾಲರಿಯವರೆಗೂ ಬಂದು ಕೂರುತ್ತವೆ. ೨೦೨೪ನೆಯ ಆಗಸ್ಟ್ ೧೦ರ ರಾತ್ರಿ ಆ ಅಣೆಕಟ್ಟಿನ ೩೩ ಗೇಟುಗಳಲ್ಲಿ ೧೯ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋದುದು ವಾಚಕರ ನೆನಪಿನಲ್ಲಿರಬಹುದು. ಆಗ ಈ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಹೊಲದ ಚಿಂತೆಯೊಡನೆ ಬರುವ ಬೇಸಗೆಯ ಬಿಂದಿಗೆಯ ಚಿಂತೆಯೂ ಹತ್ತಿದ್ದಿತು. ನಾವು ಬರೆಯುತ್ತಿರುವ ವಾಲ್ವಿಗೂ ಆ ಗೇಟಿಗೂ ಗಾತ್ರವೊಂದೇ ಭೇದ.

ಜಾಲರಿಯನ್ನು ಹಾಕಿದರೂ ಅಂದಿನ ಸಂಜೆ ಯಂತ್ರವು ದೀಪವನ್ನು ಮಿನುಗಿಸಿ ನಿಂತಿತು. ಯಜಮಾನರು ನಮ್ಮ ಮುಖವನ್ನು ನೋಡಿದರು. ಸೊಸೆಯು ನೆಲವನ್ನು ನೋಡಿದಳು. ಆಗ, ಅದುವರೆಗೆ ಬಾಗಿಲ ಬಳಿ ಸುಮ್ಮನೆ ಕುಳಿತಿದ್ದ ಅತ್ತೆಯವರು ಒಂದು ಮಾತನ್ನಾಡಿದರು.

“ನೋಡ್ರಿ, ಅದು ಮುಂಜಾನೆ ಹಾಕಿದ್ರ ಚಲೋ ನಡೀತೈತಿ. ದೀಪ ಹಚ್ಚೋ ಹೊತ್ತಿಗೆ ಹಾಕಿದ್ರ ಮುನಿಸ್ಕಂತೈತಿ.”

ಇದನ್ನು ಮಿಸ್ತ್ರಿಗಳಿಗೆ ಹೇಳಿದ್ದಿರಾ ಎಂದು ಕೇಳಿದೆವು. ಯಾರೂ ತಮ್ಮನ್ನು ಕೇಳಲಿಲ್ಲವೆಂದರು. ಸೊಸೆಯು ವಾರದ ದಿನಗಳಲ್ಲಿ ಸಂಜೆಯೇ ಯಂತ್ರವನ್ನು ಹಾಕುವವಳಾದ್ದರಿಂದ ಈ ಭೇದವು ಆಕೆಯ ಕಣ್ಣಿಗೆ ಬಿದ್ದಿರಲಿಲ್ಲ; ಭಾನುವಾರಗಳಲ್ಲಿ ಮುಂಜಾನೆ ಹಾಕಿದಾಗ ಅದು ಸರಿಯಾಗಿ ನಡೆದುದನ್ನು ಆಕೆ ಯಂತ್ರದ ಚಾಪಲ್ಯವೆಂದು ಬಗೆದಿದ್ದಳು. ಮಿಸ್ತ್ರಿಗಳೆಲ್ಲರೂ ಬಂದದ್ದು ಬೆಳಗಿನ ಹೊತ್ತು! ತಾವು ಮಾಡಿದ ರಿಪೇರಿಯಿಂದಲೇ ಅದು ನಡೆಯಿತೆಂದು ಅವರು ನಂಬಿದುದು ಸಹಜವೇ.

ಹೊತ್ತು ನೋಡಿ ಕೆಡುವ ಯಂತ್ರವು ಕೆಟ್ಟ ಯಂತ್ರವಾಗಿರುವುದು ಅಪರೂಪ. ಮುಂಜಾನೆಗೂ ಸಂಜೆಗೂ ಮನೆಯಲ್ಲಿ ಏನು ಬದಲಾಗುತ್ತದೆಂದು ವಿಚಾರಿಸಿದೆವು. ಎರಡು ಸಂಗತಿಗಳು ತೋರಿದವು. ಒಂದು, ಸಂಜೆ ಎಲ್ಲ ಮನೆಗಳಲ್ಲೂ ದೀಪ ಹತ್ತುವುದರಿಂದ ವಿದ್ಯುತ್ತಿನ ವೋಲ್ಟೇಜು ಇಳಿಯಬಹುದು. ತೀರ ಇಳಿದರೆ ವಾಲ್ವಿನ ಸುರುಳಿಗೆ ಬಲ ಸಾಲದು. ನೆರೆಯ ಎಲೆಕ್ಟ್ರಿಷಿಯನ್ ಬಂದು ಅಳೆದು ೨೨೦ಕ್ಕೆ ಮೇಲಿದೆಯೆಂದನು. ೨೩೦ಕ್ಕೆಂದು ಮಾಡಿದ ಯಂತ್ರಕ್ಕೆ ಅಷ್ಟು ಧಾರಾಳವಾಗಿ ಸಾಕು. ಇನ್ನೊಂದು, ಮನೆಯವರು ಮೋಟಾರನ್ನು ಹಾಕಿ ಟ್ಯಾಂಕನ್ನು ತುಂಬಿಸುವುದು ಮುಂಜಾನೆ ಆರು ಗಂಟೆಗೆ. ಸ್ನಾನ, ಅಡಿಗೆ, ಬಟ್ಟೆ ಎಲ್ಲ ಮುಗಿದು ಸಂಜೆಯ ವೇಳೆಗೆ ಟ್ಯಾಂಕು ತಳ ಕಾಣುತ್ತಿರುತ್ತದೆ.

ತಳ ಕಂಡರೇನು, ನೀರು ಇದ್ದೇ ಇದೆಯಲ್ಲ ಎಂದು ಯಜಮಾನರು ಕೇಳಿದರು. ಎಷ್ಟೋ ಜನ ಕೇಳುವ ಪ್ರಶ್ನೆಯಿದು. ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ನಲ್ಲಿಯಲ್ಲಿ ನೀರಿಗಿರುವ ಒತ್ತಡವು ಟ್ಯಾಂಕಿನಲ್ಲಿ ಎಷ್ಟು ನೀರಿದೆಯೆಂಬುದನ್ನು ಅನುಸರಿಸಿಲ್ಲ. ಆ ನೀರಿನ ಮೇಲ್ಮೈ ನಲ್ಲಿಗಿಂತ ಎಷ್ಟು ಎತ್ತರದಲ್ಲಿದೆಯೆಂಬುದನ್ನು ಅನುಸರಿಸಿದೆ. ಒಂದು ಕೆರೆಯಷ್ಟು ನೀರು ಮೊಳದೆತ್ತರದಲ್ಲಿದ್ದರೂ ಒತ್ತಡ ಮೊಳದಷ್ಟೇ. ಒಂದು ಕೊಡ ನೀರು ಗೋಪುರದ ಮೇಲಿದ್ದು ಕೊಳವೆಯಲ್ಲಿ ಇಳಿದರೆ ಒತ್ತಡ ಗೋಪುರದಷ್ಟು. ಲೆಕ್ಕಕ್ಕೆ, ೧೦ ಮೀಟರು ಎತ್ತರದ ನೀರು ಸುಮಾರು ೧ ಬಾರ್ ಒತ್ತಡವನ್ನು ಕೊಡುತ್ತದೆ. ಈ ಯಂತ್ರದ ಕೈಪಿಡಿಯನ್ನು ತೆಗೆಸಿ ನೋಡಿದೆವು. ಕವರನ್ನು ಯಾರೂ ಬಿಚ್ಚಿಯೇ ಇರಲಿಲ್ಲ. ಅದರಲ್ಲಿ ಒತ್ತಡವು ೦.೫ ಬಾರಿಗೆ ಕಡಮೆಯಿರಕೂಡದು, ೧೦ ಬಾರಿಗೆ ಹೆಚ್ಚಿರಕೂಡದು ಎಂದು ಬರೆದಿದ್ದಿತು. ಅರ್ಧ ಬಾರ್ ಎಂದರೆ ೫ ಮೀಟರು, ಅಂದರೆ ಹದಿನಾರೂವರೆ ಅಡಿಗಳ ಸುಮಾರು.

ಏಣಿ ತರಿಸಿ ಟೇಪು ಹಿಡಿದೆವು. ಅದು ಒಂದೇ ಅಂತಸ್ತಿನ ಮನೆ. ಅಡಿಗೆಮನೆಯ ನೆಲದಿಂದ ಮಾಳಿಗೆಯ ಮೇಲ್ಮೈ ೧೧ ಅಡಿ. ಟ್ಯಾಂಕಿನ ಕಟ್ಟೆ ೨ ಅಡಿ. ಟ್ಯಾಂಕಿನ ಆಳ ೪ ಅಡಿ. ಯಂತ್ರದ ನಲ್ಲಿ ನೆಲದಿಂದ ೨ ಅಡಿ ಮೇಲಿದೆ. ಆದುದರಿಂದ ಟ್ಯಾಂಕು ತುಂಬಿದಾಗ ನೀರಿನೆತ್ತರ ೧೫ ಅಡಿ, ಅಂದರೆ ೦.೪೬ ಬಾರ್, ತಳ ಮುಟ್ಟಿದಾಗ ೧೧ ಅಡಿ, ಅಂದರೆ ೦.೩೩ ಬಾರ್. ಕೈಪಿಡಿಯ ಗೆರೆಗೆ ಮುಂಜಾನೆಯೂ ಅದು ಮುಟ್ಟುತ್ತಿರಲಿಲ್ಲ. ಗೆರೆಯ ಹತ್ತಿರವಿದ್ದುದರಿಂದ ಹೇಗೋ ನಡೆಯುತ್ತಿದ್ದಿತು. ಸಂಜೆಗೆ ದೂರ ಬೀಳುತ್ತಿದ್ದಿತು. ಜಾಲರಿಯಲ್ಲಿ ಸ್ವಲ್ಪ ಮಡ್ಡಿ ಕಟ್ಟಿದರಂತೂ ಮುಂಜಾನೆಯೂ ಅನುಮಾನ. ಹೊಸ ಕೊಳವೆ, ಹೊಸ ಜಾಲರಿ ಇದ್ದ ಮೊದಲೆರಡು ತಿಂಗಳು ಅದು ಎರಡು ಹೊತ್ತೂ ನಡೆದುದೂ, ಜಾಲರಿ ತೊಳೆದಾಗಲೆಲ್ಲ ಕೆಲವು ದಿನ ಸುಧಾರಿಸಿದುದೂ ಇದರಿಂದಲೇ ತಿಳಿಯುತ್ತದೆ.

ನೀರು ನಿಧಾನವಾಗಿ ಬಂದರೂ ಕಡೆಗೆ ತುಂಬಲೇಬೇಕಲ್ಲವೆ ಎಂದು ಸೊಸೆಯು ಕೇಳಿದಳು. ಒಳ್ಳೆಯ ಪ್ರಶ್ನೆ. ಇಲ್ಲಿ ವಾಲ್ವಿನ ಗುಟ್ಟನ್ನು ಹೇಳಬೇಕು. ಅದನ್ನು ವಿದ್ಯುತ್ತೇ ತೆರೆಯುತ್ತದೆಂದು ಸಾಮಾನ್ಯವಾಗಿ ತಿಳಿದಿರುತ್ತಾರೆ. ನಿಜವಾಗಿ ತೆರೆಯುವುದು ನೀರು. ವಾಲ್ವಿನೊಳಗೆ ದಾರಿಗೆ ಅಡ್ಡವಾಗಿ ರಬ್ಬರಿನ ತೆಳು ಬಿಲ್ಲೆಯೊಂದಿದೆ. ಅದರ ಅಂಚಿನ ಸೂಜಿಮೊನೆಯಷ್ಟು ತೂತಿನಿಂದ ನೀರು ಮೇಲಕ್ಕೂ ಸೇರಿ, ಬಿಲ್ಲೆಯನ್ನು ಮೇಲಿನಿಂದ ಅದುಮಿ ಹಿಡಿದಿರುತ್ತದೆ. ವಿದ್ಯುತ್ತು ಹರಿದಾಗ ಸುರುಳಿಯು ನಡುವಣ ಪುಟ್ಟ ಕೀಲನ್ನು ಎತ್ತುತ್ತದೆ, ಅಷ್ಟೆ. ಮೇಲಿನ ನೀರು ಆ ನಡುತೂತಿನಿಂದ ಇಳಿದುಹೋಗುತ್ತದೆ. ಅದುಮುವ ಭಾರ ಹೋದೊಡನೆ ಕೊಳವೆಯ ನೀರು ತನ್ನ ಒತ್ತಡದಿಂದ ಬಿಲ್ಲೆಯನ್ನು ಎಬ್ಬಿಸಿ ನುಗ್ಗುತ್ತದೆ. ಬಾಗಿಲ ಅಗುಳಿಯನ್ನು ತೆಗೆಯುವವರು ಒಬ್ಬರು, ಬಾಗಿಲನ್ನು ನೂಕಿಕೊಂಡು ಬರುವವರು ಇನ್ನೊಬ್ಬರು. ಬರುವವರಲ್ಲೇ ಬಲವಿಲ್ಲದಿದ್ದರೆ ಬಾಗಿಲು ಓರೆಯಾಗಿ ತೆರೆದು ನಿಲ್ಲುವುದು. ನೀರು ಎಳೆಯಾಗಿ ಬರುವುದು; ಎಣಿಸುವ ಗಾಲಿಯು ಒಮ್ಮೆ ತಿರುಗಿ ಒಮ್ಮೆ ನಿಲ್ಲುವುದು; ಅವಧಿ ಮುಗಿದುಹೋಗುವುದು. ಹೀಗಿರಲು ವಾಲ್ವನ್ನು ಬದಲಿಸಿದರೆ, ಅಗುಳಿ ಹೊಸದಾಯಿತೇ ಹೊರತು ಬರುವವರ ಬಲ ಹೆಚ್ಚಲಿಲ್ಲ.

ಲೆಕ್ಕದಿಂದ ತೃಪ್ತರಾಗದವರಿಗೆ ಬಕೆಟ್ಟಿನ ಪರೀಕ್ಷೆಯುಂಟು. ಇದನ್ನು ಪ್ರತಿಯೊಂದು ಮನೆಯಲ್ಲೂ ಮಾಡಬಹುದು. ಯಂತ್ರಕ್ಕೆ ಹೋಗುವ ಕೊಳವೆಯನ್ನು ಮೂಲೆಯ ನಲ್ಲಿಯಿಂದ ಬಿಚ್ಚಿ, ನಲ್ಲಿಯ ಕೆಳಗೆ ಅಳತೆಯ ಬಕೆಟ್ಟನ್ನಿಟ್ಟು, ಗಡಿಯಾರ ನೋಡಿಕೊಂಡು ಒಂದು ನಿಮಿಷ ನೀರು ಬಿಡುವುದು. ಹತ್ತು ಲೀಟರು ಬಂದರೆ ನಿಶ್ಚಿಂತೆ. ಕೆಲವು ಕೈಪಿಡಿಗಳಲ್ಲಿ ಇಷ್ಟನ್ನೇ ಕೇಳಿರುತ್ತಾರೆ. ಆ ಮನೆಯಲ್ಲಿ ಮರುದಿನ ಮುಂಜಾನೆ ಎಂಟು ಲೀಟರು ಬಂದಿತು. ಸಂಜೆ ಆರೂವರೆ. ಸಂಜೆಯೇ ಬಚ್ಚಲುಮನೆಯ ನಲ್ಲಿಯನ್ನೂ ತೆರೆದು ಅಳೆದಾಗ ಮೂರಕ್ಕೂ ಬರಲಿಲ್ಲ! ಎರಡು ನಲ್ಲಿಗಳಿಗೂ ಟ್ಯಾಂಕಿನಿಂದ ಇಳಿದುಬರುವುದು ಒಂದೇ ಸಣ್ಣ ಕೊಳವೆ. ಸಂಜೆ ಶಾಲೆಯಿಂದ ಬಂದ ಮಕ್ಕಳು ಕೈಕಾಲು ತೊಳೆಯುವ ಹೊತ್ತಿಗೇ ಯಂತ್ರವನ್ನು ಹಾಕುವ ವಾಡಿಕೆ ಅಲ್ಲಿದ್ದಿತು.

ಉಳಿದುದು ಕಡೆಯ ಪರೀಕ್ಷೆ. ಅಂದು ಸಂಜೆ ಏಳು ಗಂಟೆಗೆ ಮೋಟಾರು ಹಾಕಿಸಿ ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿ, ಮನೆಯ ಯಾವ ನಲ್ಲಿಯನ್ನೂ ಮುಟ್ಟಬಾರದೆಂದು ಮಕ್ಕಳಿಗೆ ತಾಕೀತು ಮಾಡಿ, ಯಂತ್ರದ ಗುಂಡಿಯನ್ನೊತ್ತಿದೆವು. ಎಲ್ಲರೂ ಅಡಿಗೆಮನೆಯಲ್ಲೇ ನಿಂತಿದ್ದರು. ಮೊದಲು ಗುರುಗುರು ಸದ್ದು, ಅದು ನಿಂತಿತು, ಟಕ್ ಎಂದು ವಾಲ್ವು ತೆರೆದ ಸದ್ದು, ಆಮೇಲೆ ನೀರು ಸುಯ್ಯೆಂದು ಏರತೊಡಗಿತು. ಎರಡು ನಿಮಿಷವಾದ ಮೇಲೆ ಒಳಗಿನ ತೋಳುಗಳು ತಿರುಗಿ ನೀರು ಬಾಗಿಲಿಗೆ ಬಡಿಯುವುದು ಕೇಳಿಸಿತು. ನಲ್ಲಿಯ ದೀಪ ಹತ್ತಲಿಲ್ಲ. ಕೆಟ್ಟ ಬೋರ್ಡು ಮಹಡಿಯ ಮೇಲೆ ನೀರು ಏರಿದ ಮಾತ್ರಕ್ಕೆ ಗುಣವಾಗಲಾರದೆಂಬುದನ್ನು ನಾವು ಯಜಮಾನರಿಗೆ ಹೇಳಬೇಕಾಗಲಿಲ್ಲ. ಅವರೇ ಹೇಳಿದರು.

ನೀರಿನ ಖರ್ಚಿನ ಆಕ್ಷೇಪಣೆಯನ್ನೂ ಅಂದೇ ಅಳೆದು ತೀರಿಸಿದೆವು. ಅತ್ತೆಯವರು ಕಲ್ಲಿನ ಬಳಿ ಎರಡು ಹೊತ್ತಿನ ಮುಸುರೆಗೆ ಬಳಸುವುದು ಐದು ಕೊಡ. ಅವರ ಕೊಡ ಹಿಡಿಯುವುದು ೧೨ ಲೀಟರು. ಒಟ್ಟು ೬೦. ಅಷ್ಟೇ ಪಾತ್ರೆಗಳಿಗೆ ಯಂತ್ರವು ಹೊರಚೆಲ್ಲಿದ ನೀರನ್ನು ಬಕೆಟ್ಟಿನಲ್ಲಿ ಹಿಡಿದಾಗ ೧೧ ಲೀಟರಾಯಿತು.

ಇನ್ನು ಪರಿಹಾರ. ಅತಿ ಸುಲಭವಾದುದು ಮುಂಜಾನೆ ಟ್ಯಾಂಕು ತುಂಬಿದೊಡನೆ ಯಂತ್ರ ಹಾಕುವುದು, ಕಾಸಿನ ಖರ್ಚಿಲ್ಲ. ಆದರೆ ರಾತ್ರಿಯಿಡೀ ಮುಸುರೆಯನ್ನು ಇಟ್ಟುಕೊಂಡು ಮಲಗುವುದಕ್ಕೆ ಅತ್ತೆಯವರು ಒಪ್ಪಲಿಲ್ಲ. ಮನೆಯ ಲಕ್ಷ್ಮಿಯ ಮಾತನ್ನೆತ್ತಿದರು. ಜಿರಲೆ ಇರುವೆಗಳ ದೃಷ್ಟಿಯಿಂದ ನೋಡಿದರೂ ಅವರ ಮಾತು ಸರಿಯೇ. ಆದುದರಿಂದ ಸಂಜೆ ಹದಿನೈದು ನಿಮಿಷ ಮೋಟಾರು ಹಾಕಿ ಟ್ಯಾಂಕನ್ನು ಮತ್ತೆ ತುಂಬಿಸಿಕೊಂಡು ಯಂತ್ರವನ್ನು ನಡೆಸುವುದೆಂದು ಸದ್ಯಕ್ಕೆ ಗೊತ್ತುಮಾಡಿದೆವು. ಯಂತ್ರವು ನಡುನಡುವೆ ಮತ್ತೆ ನೀರು ತುಂಬಿಕೊಳ್ಳುವುದರಿಂದ ಆ ಹೊತ್ತಿನಲ್ಲೆಲ್ಲ ಬಚ್ಚಲ ನಲ್ಲಿಯನ್ನು ಧಾರಾಳವಾಗಿ ಬಿಡಕೂಡದು.

ಯಜಮಾನರು ಇನ್ನೂ ದೊಡ್ಡ ಟ್ಯಾಂಕನ್ನು ತರುವೆನೆಂದರು. ಅಗಲವಾದ ಟ್ಯಾಂಕಿನಿಂದ ಒತ್ತಡ ಕೂದಲೆಳೆಯಷ್ಟೂ ಹೆಚ್ಚದು. ಇರುವ ಟ್ಯಾಂಕನ್ನೇ ಏಳೆಂಟಡಿ ಎತ್ತರಿಸಬಹುದೆಂದರೆ, ಸಾವಿರ ಲೀಟರು ನೀರೆಂದರೆ ಒಂದು ಟನ್ ಭಾರ. ಇಂಜಿನಿಯರನ್ನು ಕೇಳದೆ ಮಾಳಿಗೆಯ ಮೇಲೆ ಅಷ್ಟನ್ನು ಎತ್ತರಿಸಿ ನಿಲ್ಲಿಸುವುದು ವಿವೇಕವಲ್ಲ. ಶಾಶ್ವತ ಪರಿಹಾರಕ್ಕೆ ಟ್ಯಾಂಕಿನಿಂದ ಯಂತ್ರಕ್ಕೆಂದೇ ಬೇರೆ ಕೊಳವೆಯೊಂದನ್ನು ಇಳಿಸಿ, ಅದಕ್ಕೆ ಒತ್ತಡ ಹೆಚ್ಚಿಸುವ ಸಣ್ಣ ಪಂಪನ್ನು ಕೂಡಿಸುವುದು ಒಳ್ಳೆಯದು. ಇವುಗಳಲ್ಲಿ ಎರಡು ಬಗೆಯುಂಟು. ನೀರು ಹರಿಯತೊಡಗಿದ ಮೇಲೆ ತಾನಾಗಿ ಶುರುವಾಗುವುದು ಒಂದು. ಒತ್ತಡ ಇಳಿದೊಡನೆ ಶುರುವಾಗುವುದು ಇನ್ನೊಂದು. ನಮ್ಮ ಕೆಲಸಕ್ಕೆ ಎರಡನೆಯದೇ ಆಗಬೇಕು. ಏಕೆಂದರೆ ವಾಲ್ವು ಸರಿಯಾಗಿ ತೆರೆಯದೆ ನೀರು ಎಳೆಯಾಗಿ ಹರಿಯುವಾಗ ಮೊದಲನೆಯ ಬಗೆಯ ಪಂಪಿಗೆ ಎಚ್ಚರವೇ ಆಗದಿರಬಹುದು. ಒಂದೂವರೆ ಬಾರ್ ಒತ್ತಡ ಕೊಡುವುದು ಧಾರಾಳವಾಗಿ ಸಾಕು. ಪಂಪನ್ನು ಬೀದಿಯ ನಲ್ಲಿಯ ಕೊಳವೆಗೆ ನೇರವಾಗಿ ಹಚ್ಚುವ ಬುದ್ಧಿಯನ್ನು ಮಾತ್ರ ಯಾರೂ ಮಾಡಬಾರದು. ಅದು ನಿಯಮಕ್ಕೆ ವಿರೋಧ, ನೆರೆಯವರ ನೀರನ್ನು ಕಸಿಯುವ ಕೆಲಸ, ಮತ್ತು ಬಿರುಕಿನಿಂದ ಚರಂಡಿಯ ಕೊಳೆಯನ್ನು ಕೊಳವೆಯೊಳಕ್ಕೆ ಹೀರಿಕೊಳ್ಳುವ ದಾರಿ.

ಇದೇ ಯಂತ್ರದ ವಿಷಯವಾಗಿ ಬಂದ ಮತ್ತೆರಡು ಕಾಗದಗಳಿಗೂ ಇಲ್ಲಿಯೇ ಉತ್ತರವನ್ನು ಕೊಡುವೆವು.

ಸಿರುಗುಪ್ಪದ ಸೋದರಿಯು ಬರೆಯುವುದೇನೆಂದರೆ, ಅವರ ಯಂತ್ರವು ನೀರನ್ನು ತುಂಬಿಕೊಳ್ಳುವುದೇ ಇಲ್ಲ. ಗುಂಡಿಯನ್ನೊತ್ತದಿದ್ದರೂ ಹೊರಚೆಲ್ಲುವ ಪಂಪು ನಿಲ್ಲದೆ ಗುರುಗುಡುತ್ತದೆ. ಹಿಂದಿನ ದಿನ ಯಂತ್ರದ ಪುಡಿ ಮುಗಿದಿತ್ತೆಂದು ಕೈಯಲ್ಲಿ ಪಾತ್ರೆ ತಿಕ್ಕುವ ದ್ರವವನ್ನು ಎರಡು ಚಮಚ ಹಾಕಿದ್ದರಂತೆ. ಕಾರಣ ಅಲ್ಲಿಯೇ ಇದೆ. ಆ ದ್ರವವು ಬೆಟ್ಟದಷ್ಟು ನೊರೆಯೇಳುತ್ತದೆ. ನೊರೆಯು ಸಂದಿಗಳಿಂದ ಸೋರಿ ಯಂತ್ರದ ತಳದ ತಟ್ಟೆಯಲ್ಲಿ ನೀರಾಗಿ ನಿಂತಿದೆ. ಅಲ್ಲೊಂದು ತೇಲುವ ಬೆಂಡು ಇರುತ್ತದೆ. ನೀರು ನಿಂತು ಅದು ಎದ್ದರೆ, ಎಲ್ಲೋ ಸೋರುತ್ತಿದೆಯೆಂದು ಯಂತ್ರವು ನೀರಿನ ಬಾಗಿಲನ್ನು ಮುಚ್ಚಿ ಪಂಪನ್ನು ಓಡಿಸುತ್ತಲೇ ಇರುತ್ತದೆ. ಮನೆಯನ್ನು ಪ್ರವಾಹದಿಂದ ಕಾಯುವ ಉಪಾಯವದು. ಪ್ಲಗ್ಗನ್ನು ಕಿತ್ತು, ತಿಳಿದವರಿಂದ ತಳದ ನೀರನ್ನು ಒರೆಸಿ ತೆಗೆಸಿದರೆ ಸಾಕು. ನೊರೆಯ ಚರಿತ್ರೆಯಿಲ್ಲದೆ ಹೀಗಾದರೆ ಮಾತ್ರ ಸೋರಿಕೆಯನ್ನು ಹುಡುಕಬೇಕು.

ಕುರುಗೋಡಿನವರದು ಕೊಳವೆ ಬಾವಿಯ ನೀರು. ಜಾಲರಿಯ ಮೇಲೆ ಸುಣ್ಣದಂತೆ ಬಿಳಿಯ ಹೊಟ್ಟು ಕಟ್ಟುವುದೆಂದು ಬರೆದಿದ್ದಾರೆ. ಗಡಸು ನೀರಿನ ಗುಣವದು. ಜಾಲರಿಯನ್ನು ಕಳಚಿ ನಿಂಬೆಯ ರಸದಲ್ಲಿ ಒಂದು ತಾಸು ನೆನೆಸಿ ತೊಳೆದರೆ ಬಿಡುತ್ತದೆ. ಒಳಗಿನ ನೀರು ಮೆದು ಮಾಡುವ ಪೆಟ್ಟಿಗೆಗೆ ಯಂತ್ರದ ಹರಳುಪ್ಪನ್ನೇ ಹಾಕುವುದು. ಅಡಿಗೆಯ ಪುಡಿಯುಪ್ಪು ಅದರಲ್ಲಿ ಕೆಸರು ಕಟ್ಟುತ್ತದೆ.

ಈ ಸಂಚಿಕೆ ಅಚ್ಚಿಗೆ ಹೋಗುವ ಮುಂಚೆ ಬಳ್ಳಾರಿಯಿಂದ ಇನ್ನೊಂದು ಕಾಗದ ಬಂದಿದೆ. ಪಂಪನ್ನು ಕೊಳ್ಳಲು ಯಜಮಾನರೇ ಹಣ ತೆಗೆದಿಟ್ಟಿದ್ದಾರಂತೆ, ಸಂಪನ್ನು ತೊಳೆಸಿದ್ದಾರಂತೆ. ಸಂಜೆ ಆರೂಮುಕ್ಕಾಲಿಗೆ ಮೋಟಾರು ಹಾಕುವ ಅಧಿಕಾರವನ್ನು ಅತ್ತೆಯವರು ಬೇರೆ ಯಾರಿಗೂ ಕೊಡುವುದಿಲ್ಲವಂತೆ. ಎಲ್ಲ ಪಾತ್ರೆಗಳೂ ಯಂತ್ರಕ್ಕೆ ಹೋಗುತ್ತವೆ. ದೇವರ ಮುಂದಿನ ಹಿತ್ತಾಳೆಯ ದೀಪವೊಂದನ್ನು ಅವರು ಹುಣಸೆಹಣ್ಣು ಹಚ್ಚಿ ತಾವೇ ಬೆಳಗುತ್ತಾರೆ. ಹಿತ್ತಾಳೆಯು ಆ ಯಂತ್ರದಲ್ಲಿ ಮಂಕಾಗುವುದರಿಂದ ಅದನ್ನು ಹೊರಗಿಟ್ಟುದೇ ಸರಿ.